ಬಣ್ಣ ಬಳಿದ ಮೈಯನ್ನು ಯಾರೂ ಮುಟ್ಟುವುದಿಲ್ಲ

ನನ್ನ ಅಣ್ಣ ಕಲಾವಿದ. ಹೆಸರು ಮಾಡಿದ ಕಲಾವಿದ. ಮದುವೆಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಎಲೆಯವರು, "ನೀವು ಅವರ ತಂಗಿಯಂತೆ ಅಲ್ವಾ? ಎಂಥ ಪುಣ್ಯ ಮಾರಾಯ್ರೆ ನಿಮ್ಮದು" ಎಂದು ಶುರುಮಾಡಿದರೆ ನಾನು ಪಾಯಸಕ್ಕೂ ಕಾಯದೆ ಎದ್ದು ಕೈ ತೊಳೆಯಲು ಹೋಗುತ್ತೇನೆ. ಹೀಗೆ ಎಷ್ಟೋ ಒಳ್ಳೆಯ ಪಾಯಸಗಳು ನನಗೆ ತಪ್ಪಿಹೋಗಿವೆ. ಅದಕ್ಕೂ ಅವನೇ ಕಾರಣ.

ಹೊಟ್ಟೆಕಿಚ್ಚು ಎನ್ನುವವರು ಎನ್ನಲಿ. ಅವನ ಚಿತ್ರಗಳ ಎದುರು ನಿಂತು ತಲೆದೂಗಿದವರು ಬೇಕಾದಷ್ಟು ಜನ ಇದ್ದಾರೆ, ಪತ್ರಿಕೆಗಳಲ್ಲಿ ಬರೆದವರೂ ಇದ್ದಾರೆ. ಅವನ ಚಿತ್ರದ ಒಳಗೆ ನಿಂತವಳು ನಾನು. ಎದುರಿನಿಂದ ಕಂಡದ್ದನ್ನು ಅವರು ಬರೆದಾಯಿತು, ಒಳಗಿನಿಂದ ಕಂಡದ್ದನ್ನು ನಾನು ಬರೆಯುತ್ತೇನೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದು ಅಮ್ಮ ಇದ್ದಾಳೆ ಎಂಬ ಒಂದೇ ಕಾರಣಕ್ಕೆ. ಈಗ ಅಮ್ಮ ಇಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಅಪ್ಪ ತೀರಿಹೋಗಿದ್ದರು. ಗದ್ದೆಗಳು ಭೂಸುಧಾರಣೆಯ ಡಿಕ್ಲರೇಶನ್ನಿನಲ್ಲಿ ಒಕ್ಕಲುಗಳ ಪಾಲಾಗಿದ್ದವು. ಪಡೀಲಿನ ಹಂಚಿನ ಮನೆ, ಹಿಂದೆ ಒಂದಿಷ್ಟು ತೆಂಗು ಮತ್ತು ಖರ್ಚಿಗೆ ಬಾರದ ದೊಡ್ಡಸ್ತಿಕೆ, ಇಷ್ಟು ನಮಗೆ ಉಳಿದಿತ್ತು. ನಮ್ಮವರಲ್ಲಿ ಮನೆಯ ಮಾತು ಸೋದರಮಾವನದ್ದು. ಮಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದರು. ಅಣ್ಣನನ್ನು ಗಲ್ಲಾದಲ್ಲಿ ಕೂರಿಸಲು ಕರೆಸಿಕೊಂಡರು. ಅವನೋ ಗಲ್ಲಾ ಬಿಟ್ಟು ಹೋಟೆಲಿನ ಎದುರಿಗಿದ್ದ ಜಾಹೀರಾತಿನ ಸ್ಟುಡಿಯೋದಲ್ಲಿ ಹೋಗಿ ಕೂರುತ್ತಿದ್ದನಂತೆ. ಸಾಬೂನಿನ ನೊರೆ, ಹುಡುಗಿಯರ ಕೆನ್ನೆಯ ಹೊಳಪು, ಇಂಥವನ್ನೆಲ್ಲ ಅಲ್ಲಿ ಗಾಳಿಯಿಂದ ಬಣ್ಣ ಊದಿ ಬರೆಯುತ್ತಿದ್ದರು. ಕೊನೆಗೆ ಮಾವನಿಗೆ ರೇಗಿ, ಊರಿಗೆ ಹೋಗು ಎಂದು ಅಟ್ಟಿದರು. ಬರುವಾಗ ಅಣ್ಣ ಬಸ್ಸಿನ ತಲೆಯ ಮೇಲೆ ಒಂದು ಹಳೆಯ ಕಂಪ್ರೆಸರ್ ಹಾಕಿಸಿಕೊಂಡು ಬಂದ. ಕೈಚೀಲದಲ್ಲಿ ಒಂದು ದೊಡ್ಡ ಸ್ಪ್ರೇ ಗನ್ನು. ಅಂಗಿಯ ಕಿಸೆಯಲ್ಲಿ, ಬಟ್ಟೆ ಸುತ್ತಿ ಜೋಪಾನವಾಗಿ ಇಟ್ಟ ಒಂದು ಏರ್‌ಬ್ರಶ್ಶು.

ನೋಡಲು ಫೌಂಟನ್ ಪೆನ್ನಿನ ಹಾಗೆಯೇ ಇತ್ತು. ಬೆನ್ನಿನ ಮೇಲೆ ಬಣ್ಣ ಹಾಕುವ ಸಣ್ಣ ಬಟ್ಟಲು, ಹಿಂದೆ ಗಾಳಿಯ ಪೈಪು. ಒತ್ತಿದರೆ ಬಣ್ಣ ಹೊಗೆಯಾಗಿ ಬರುತ್ತಿತ್ತು. ಅಮ್ಮ ಅದನ್ನು ನೋಡಿದ ಕೂಡಲೇ ದೇವರ ಫೋಟೋದ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಗಲ್ಲಾದಿಂದ ಓಡಿಬಂದ ಮಗ ಒಂದೇ ದಿನದಲ್ಲಿ "ಬೊಂಬಾಯಿಯಲ್ಲಿ ಕಲಿತ ಆರ್ಟಿಸ್ಟ್" ಆದ. ಬಿ.ಎ. ಮುಗಿಸಿ ಕಂಕನಾಡಿಯ ಹತ್ತಿರದ ಶಾಲೆಯೊಂದರಲ್ಲಿ ಟೀಚರಾಗಿ ಮನೆಗೆ ಅಕ್ಕಿ ತರುತ್ತಿದ್ದ ಮಗಳು ಮಾತ್ರ ಮೊದಲು ಏನಾಗಿದ್ದಳೋ ಅದೇ ಆಗಿ ಉಳಿದಳು.

ಕಂಪ್ರೆಸರನ್ನು ಚಾವಡಿಯಲ್ಲೇ ಇಟ್ಟ. ಅದು ಶುರುವಾದರೆ ಮಾಡಿನ ಹಂಚುಗಳು ನಡುಗುತ್ತಿದ್ದವು. ಸಾರಿಗೂ ಥಿನ್ನರಿನ ವಾಸನೆ, ಉಪ್ಪಿನಕಾಯಿಗೂ ಥಿನ್ನರಿನ ವಾಸನೆ. ಒಣಹಾಕಿದ ನನ್ನ ಸೀರೆಗಳ ಮೇಲೆ ಯಾವುಯಾವುದೋ ಬಣ್ಣದ ಧೂಳು. ಒಂದು ದಿನ ನಾನು ಬೋರ್ಡಿನ ಕಡೆ ತಿರುಗಿದಾಗ ಇಡೀ ತರಗತಿ ಕಿಸಕ್ಕೆಂದಿತು. ನನ್ನ ಬೆನ್ನ ಮೇಲೆ ಅರ್ಧ ಹಂಸ ಇತ್ತು. ಅಣ್ಣ ಯಾವುದೋ ಬಸ್ಸಿಗೆ ಬರೆಯಬೇಕಾದ ಹಂಸವನ್ನು ಚಾವಡಿಯಲ್ಲಿ ಅಭ್ಯಾಸ ಮಾಡಿದ್ದ, ಹಗ್ಗದಲ್ಲಿದ್ದ ನನ್ನ ಸೀರೆಯನ್ನು ಅವನು ನೋಡಿಯೇ ಇರಲಿಲ್ಲ. ಮನೆಗೆ ಬಂದು ಜಗಳವಾಡಿದೆ. ಅಮ್ಮ ಹೇಳಿದ್ದು ಇಷ್ಟು: "ಚಂದ ಉಂಟಲ್ಲ, ಅದಕ್ಕೆಂತ ಬೊಬ್ಬೆ?"

ಬಂಟ್ವಾಳದ ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ ಅವನಿಗೆ ಬಸ್ಸು, ಲಾರಿಗಳ ಬಣ್ಣದ ಕೆಲಸ ಸಿಕ್ಕಿತು. ಬಸ್ಸಿನ ಹಿಂಬದಿಯಲ್ಲಿ ಜಲಪಾತ, ಲಾರಿಯ ಹಣೆಯಲ್ಲಿ ಸೂರ್ಯೋದಯ. ಕೈಯಲ್ಲಿ ವಿದ್ಯೆ ಇತ್ತು, ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಅವನು ಊದಿದ ನೀರು ಹರಿಯುವ ಹಾಗೆಯೇ ಕಾಣುತ್ತಿತ್ತು. ಕೆಟ್ಟ ಕೆಲಸಗಾರನಾಗಿದ್ದರೆ ನಾನು ಇಷ್ಟು ಸಿಟ್ಟು ಮಾಡಿಕೊಳ್ಳುವ ಅಗತ್ಯವೇ ಬರುತ್ತಿರಲಿಲ್ಲ.

ಅವನ ತಲೆಗೆ ಹುಳ ಬಿಟ್ಟದ್ದು ಹುಲಿವೇಷ.

ದಸರೆಗೆ ನಮ್ಮ ಕಡೆ ಗಂಡಸರು ಹರಕೆ ಹೊತ್ತು ಹುಲಿಯಾಗುವುದು ಎಲ್ಲರಿಗೂ ಗೊತ್ತಿದ್ದದ್ದೇ. ಬರೀ ಚಡ್ಡಿಯಲ್ಲಿ ನಿಂತ ಮೈಗೆ ಮೊದಲು ಬಿಳಿ, ಅದು ಒಣಗಿದ ಮೇಲೆ ಹಳದಿ, ಆಮೇಲೆ ಪಟ್ಟೆ. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಎರಡು ಕೈಯನ್ನೂ ಅಗಲಿಸಿ, ಅಡ್ಡ ಕಟ್ಟಿದ ಬಿದಿರನ್ನು ಹಿಡಿದು, ಬಣ್ಣ ಒಣಗುವ ತನಕ ನಿಂತಿರಬೇಕು. ಅಷ್ಟು ಹೊತ್ತು ಅವರನ್ನು ಯಾರೂ ಮುಟ್ಟುವುದಿಲ್ಲ. ಹೆಂಡತಿಯೂ ಮುಟ್ಟುವುದಿಲ್ಲ, ತಾಯಿಯೂ ಮುಟ್ಟುವುದಿಲ್ಲ. ಬಾಯಾರಿದರೆ ದೂರದಿಂದಲೇ ನೀರು ಹೊಯ್ಯುತ್ತಾರೆ. ಬಣ್ಣ ಕೆಡುತ್ತದೆ ಎಂಬುದು ಒಂದು ಕಾರಣ, ದೇವಿಯ ಹರಕೆಯ ಮೈ ಎಂಬುದು ಇನ್ನೊಂದು. ಸಣ್ಣವಳಿದ್ದಾಗ ಒಮ್ಮೆ ನಮ್ಮ ಅಂಗಳಕ್ಕೆ ಬಂದ ಹುಲಿಯ ಬೆನ್ನನ್ನು ಮುಟ್ಟಲು ನಾನು ಕೈ ಚಾಚಿದ್ದೆ. ಅಮ್ಮ "ಮುಟ್ಟಡ!" ಎಂದು ಗದರಿ ಕೈಗೆ ಪಟ್ಟೆಂದು ಬಾರಿಸಿದ್ದಳು. ತುಳುವಿನಲ್ಲಿ ಮುಟ್ಟಬೇಡ ಎನ್ನುವ ಈ ಮಾತನ್ನು ನಮ್ಮ ಕಡೆಯ ಮಕ್ಕಳು ನಡೆಯಲು ಕಲಿಯುವ ಮೊದಲೇ ಕಲಿಯುತ್ತಾರೆ. ಅಣ್ಣ ಅಲ್ಲೇ ಪಕ್ಕದಲ್ಲಿ ನಿಂತು ನಕ್ಕಿದ್ದ.

ಆ ವರ್ಷ ಹುಲಿಗಳಿಗೆ ಬಣ್ಣ ಹಾಕಲು ಅಣ್ಣನನ್ನು ಕರೆದರು. ಕುಂಚದವರು ಗಂಟೆಗಟ್ಟಲೆ ಎಳೆಯುವ ಪಟ್ಟೆಯನ್ನು ಅವನು ಗಾಳಿಯಲ್ಲಿ ಊದಿ ಮುಗಿಸಿದ. ಹೊಟ್ಟೆಯ ಹತ್ತಿರ ರೋಮದ ಮೃದುತನ ಕೂಡ ಬಂತು. ಬಯಲಿನ ತುಂಬ ಜನ. ಹುಲಿ ಕುಣಿಯುವುದನ್ನು ನೋಡಲು ಬಂದವರು ಹುಲಿ ಆಗುವುದನ್ನೇ ನೋಡುತ್ತ ನಿಂತುಬಿಟ್ಟರು. ಅಣ್ಣ ಒಮ್ಮೆ ತಿರುಗಿ ಆ ಜನರನ್ನು ನೋಡಿದ. ಆಮೇಲೆ ಪೈಪನ್ನು ಸುಮ್ಮನೆ ಎಳೆಯುವ ಬದಲು ಚಾವಟಿಯ ಹಾಗೆ ಬೀಸಿದ, ಒಂದು ಸುತ್ತು ತಿರುಗಿದ, ಬಗ್ಗಿ ಎದ್ದ. ತಾಸೆ ವಾದ್ಯದವರು ಅವನ ಹೆಜ್ಜೆಗೆ ಸರಿಯಾಗಿ ಬಡಿಯತೊಡಗಿದರು. ಹುಲಿಯ ಬಣ್ಣ ಮುಗಿಯುವ ಹೊತ್ತಿಗೆ ಜನ ಹುಲಿಯನ್ನು ಬಿಟ್ಟು ಇವನಿಗೆ ಚಪ್ಪಾಳೆ ಹೊಡೆದರು. ಅವತ್ತು ಅವನಿಗೆ ಮೂಡಿದ ಕೋಡು ಇವತ್ತಿನ ತನಕ ಬಿದ್ದಿಲ್ಲ.

ಅದಾದ ಮೇಲೆ ಅವನಿಗೆ ವೇದಿಕೆ ಬೇಕಾಯಿತು. ವೇದಿಕೆಯ ಹಿಂದೆ ಬಿಳಿ ಪರದೆ, ಪರದೆಗೆ ಒತ್ತಿ ನಿಂತ ಒಬ್ಬ ಮನುಷ್ಯ, ಅವನಿಗೂ ಬಿಳಿ ಬಟ್ಟೆ. ಹಿನ್ನೆಲೆಯಲ್ಲಿ ಸಂಗೀತ. ಇವನು ಕುಣಿಯುತ್ತ ಪರದೆಯ ಮೇಲೂ ಮೈಯ ಮೇಲೂ ಒಂದೇ ಚಿತ್ರ ಊದಬೇಕು. ಕೊನೆಗೆ ಪರದೆ ಯಾವುದು, ಮನುಷ್ಯ ಯಾವುದು ಎಂದು ಗೊತ್ತಾಗಬಾರದು. ಹುಲಿಯ ತಂಡದ ಗಂಡಸರನ್ನು ನಿಲ್ಲಿಸಿ ನೋಡಿದ. ಒಬ್ಬ ಸೀನಿದ, ಇನ್ನೊಬ್ಬನಿಗೆ ನಗು ತಡೆಯಲಾಗಲಿಲ್ಲ. ಕಡೆಗೆ ನನ್ನ ಹತ್ತಿರ ಬಂದ.

"ನೀನು ಕ್ಲಾಸಲ್ಲಿ ನಿಂತು ನಿಂತು ಅಭ್ಯಾಸ ಉಂಟಲ್ಲ. ಅಲ್ಲಾಡದೆ ನಿಂತರೆ ಆಯ್ತು."

"ನಿನ್ನ ತಲೆ. ಶಾಲೆಯಲ್ಲಿ ಗೊತ್ತಾದ್ರೆ?"

"ಗೊತ್ತಾಗುವುದು ಹೇಗೆ? ನೀನು ಕಾಣುವುದೇ ಇಲ್ಲ. ಅದೇ ಐಟಮ್ಮು."

"ಅಷ್ಟು ಗಂಡಸರ ಎದುರು ನಾನು ಕಣ್ಣು ಮುಚ್ಚಿ ನಿಲ್ಬೇಕಾ? ಯಾರಾದ್ರೂ ಬಂದು ಕೈ ಹಾಕಿದ್ರೆ?"

ಅಣ್ಣ ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದ. "ಬಣ್ಣ ಬಳಿದ ಮೈಯನ್ನು ಯಾರು ಮುಟ್ತಾರೆ ಮಾರಾಯ್ತಿ? ಹುಲಿಯನ್ನು ಯಾರಾದ್ರೂ ಮುಟ್ಟುವುದು ಕಂಡಿದ್ದೀಯಾ? ನಾನು ಅಲ್ಲೇ ಇರ್ತೇನಲ್ಲ."

ಆ ಮಾತನ್ನು ನಾನು ನಂಬಿದೆ. ಬೇರೆ ಊರಿನ ಹೆಂಗಸಾಗಿದ್ದರೆ ನಂಬುತ್ತಿರಲಿಲ್ಲವೇನೋ. ಹುಲಿಗಳನ್ನು ನೋಡಿ ಬೆಳೆದವಳಿಗೆ ಬಣ್ಣವೆಂದರೆ ಬೇಲಿ. ಹಚ್ಚಿಕೊಂಡು ನಿಂತರೆ ಸಾಕು, ಊರಿಗೆ ಊರೇ ಒಂದು ಮಾರು ದೂರ ನಿಲ್ಲುತ್ತದೆ ಎಂದು ನಾನು ತಿಳಿದಿದ್ದೆ. ಬೇಲಿ ಬಣ್ಣದ್ದಲ್ಲ, ಸುತ್ತ ನಿಂತವರು ಆ ಮೈಗೆ ಕೊಡುವ ಮರ್ಯಾದೆಯದ್ದು ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಯಾರೂ ಮುಟ್ಟಕೂಡದು, ಈ ಒಂದು ಷರತ್ತನ್ನು ಅಮ್ಮನ ಎದುರಿನಲ್ಲೇ ಹಾಕಿದೆ. ಅಣ್ಣ ದೇವರ ಫೋಟೋದ ಕಡೆ ಕೈ ತೋರಿಸಿ ಆಯ್ತು ಎಂದ.

ಮೊದಲ ಪ್ರದರ್ಶನ ಒಂದು ಯುವಕ ಸಂಘದ ವಾರ್ಷಿಕೋತ್ಸವದಲ್ಲಿ. ಬಿಳಿ ಜುಬ್ಬಾ, ಬಿಳಿ ಪೈಜಾಮ, ತಲೆಗೂದಲನ್ನು ಮುಚ್ಚಿ ಬಿಗಿದ ಬಿಳಿ ಬಟ್ಟೆ. ಮುಖಕ್ಕೆ ತೆಂಗಿನೆಣ್ಣೆ, ಅದರ ಮೇಲೆ ಯಕ್ಷಗಾನದವರು ಹಚ್ಚುವ ಬಿಳಿ ಪುಡಿ. ಅಣ್ಣ ನನ್ನನ್ನು ಪರದೆಗೆ ಒತ್ತಿ ನಿಲ್ಲಿಸಿದ. ಚಿತ್ರ ಉಳ್ಳಾಲದ ಕಡಲಿನದ್ದು. ದೊಡ್ಡ ಗನ್ನಿನಿಂದ ಆಕಾಶ ಬಂತು, ನನ್ನ ಮುಖವೆಲ್ಲ ತಣ್ಣಗಾಯಿತು. ಎದೆಯ ಮಟ್ಟದಲ್ಲಿ ಕಡಲು ಆಕಾಶಕ್ಕೆ ಸೇರುವ ಗೆರೆ. ಆಮೇಲೆ ಸಣ್ಣ ಏರ್‌ಬ್ರಶ್ಶಿನಿಂದ ತೋಳಿನ ಮೇಲೆ ದೋಣಿಯ ಮೂತಿ, ಮಂಡಿಯ ಹತ್ತಿರ ನೊರೆ. ನೀರಿನಲ್ಲಿ ಕದಡಿದ ಪೋಸ್ಟರ್ ಬಣ್ಣ, ಮಳೆಗಾಲದ ಗಾಳಿಯಷ್ಟೇ ಚಳಿ. "ಉಸಿರು" ಎಂದು ಅವನು ಪಿಸುಗುಟ್ಟಿದಾಗ ಉಸಿರು ಹಿಡಿಯಬೇಕು, ಅಷ್ಟೇ ನನ್ನ ಪಾಠ. ಹೊರಗೆ ಗದ್ದಲ ಮಾಡುತ್ತಿದ್ದ ಜನ ನಿಧಾನ ಮೌನವಾದರು. ಮೈಕಿನಲ್ಲಿ ಅಣ್ಣ ಕೇಳಿದ, "ಹುಡುಗಿ ಎಲ್ಲಿ?" ಆಗ ಅವನು ಚಿಟಿಕೆ ಹೊಡೆದ. ನಾನು ಕಣ್ಣು ತೆರೆದೆ.

ಆಕಾಶದ ನಡುವೆ ಎರಡು ಕಣ್ಣು! ಇಡೀ ಸಭೆ ಕಿಟಾರನೆ ಕಿರುಚಿತು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಬಸ್ಸಿನಲ್ಲಿ, ಬೀದಿಯಲ್ಲಿ, ನೆಂಟರ ಮನೆಯಲ್ಲಿ, ಇವಳಿಗೆ ಇನ್ನೂ ಯಾಕೆ ಮದುವೆ ಆಗಲಿಲ್ಲ ಎಂದು ಅಡಿಯಿಂದ ಮುಡಿಯ ತನಕ ಅಳೆದು ನೋಡುತ್ತಿದ್ದ ಜನ ಅವರೇ. ಅವರು ನನ್ನನ್ನು ಹುಡುಕುತ್ತಿದ್ದರು, ನಾನು ಸಿಗುತ್ತಿರಲಿಲ್ಲ. ನಾನು ಮನಸ್ಸು ಮಾಡಿದಾಗ ಮಾತ್ರ ಅವರನ್ನು ನೋಡುತ್ತಿದ್ದೆ. ಪರದೆಯಿಂದ ಈಚೆ ಬಂದು ತಿರುಗಿ ನೋಡಿದರೆ ಕಡಲಿನ ನಡುವೆ ನನ್ನದೇ ಆಕಾರದ ಬಿಳಿ ಜಾಗ. ಬಣ್ಣವನ್ನೆಲ್ಲ ನಾನು ತಡೆದು ಹೊತ್ತುಕೊಂಡು ಬಂದಿದ್ದೆ, ನಾನು ನಿಂತ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಮರುದಿನ ಅಮ್ಮ ಪರದೆಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಬಡಿದು ತೊಳೆದಳು. ಕಡಲೂ ಹೋಯಿತು, ನಾನೂ ಹೋದೆ. ಪರದೆ ಮುಂದಿನ ಸಲಕ್ಕೆ ತಯಾರಾಯಿತು.

ಹೀಗೆ ಕೆಲವು ವರ್ಷ ನಡೆಯಿತು. ಕಾಲೇಜುಗಳ ಉತ್ಸವ, ಹೋಟೆಲಿನವರ ಸಮಾರಂಭ, ಸಂಘಸಂಸ್ಥೆಗಳ ಸಂಜೆ. ಅಣ್ಣನಿಗೆ ಉದ್ದ ಕೂದಲು ಬಂತು, ಕಪ್ಪು ಜುಬ್ಬಾ ಬಂತು, ಮಾತಿನಲ್ಲಿ ಇಂಗ್ಲಿಷು ಬಂತು. ಪತ್ರಿಕೆಯಲ್ಲಿ ಅವನ ಫೋಟೋ ಬಂದರೆ ಹಿಂದೆ ನಾನೂ ಇರುತ್ತಿದ್ದೆ, ಆದರೆ ಕಾಣುತ್ತಿರಲಿಲ್ಲ. ಅದರ ಬಗ್ಗೆ ನನಗೆ ತಕರಾರು ಇರಲಿಲ್ಲ, ನಾನು ಒಪ್ಪಿದ್ದೇ ಹಾಗೆ. ನನ್ನ ಷರತ್ತು ಒಂದೇ, ಅದು ಆ ತನಕ ನಡೆದುಕೊಂಡು ಬಂದಿತ್ತು.

ಎಂಬತ್ತರ ದಶಕದ ಆರಂಭ ಇರಬೇಕು. ಪೇಟೆಯ ಒಂದು ದೊಡ್ಡ ಹಾಲಿನಲ್ಲಿ ಕಾರ್ಯಕ್ರಮ ಗೊತ್ತಾಯಿತು. ಅದನ್ನು ಏರ್ಪಡಿಸಿದ ಸಂಘದ ಅಧ್ಯಕ್ಷರು ದೊಡ್ಡ ಕುಳ. ಅಣ್ಣನ ಚಿತ್ರಗಳ ಪ್ರದರ್ಶನ ಮಾಡಿಸಿಕೊಡುತ್ತೇನೆ, ಬೇರೆ ಊರುಗಳಿಗೆ ಕಳಿಸಿಕೊಡುತ್ತೇನೆ ಎಂದು ಆಸೆ ಹುಟ್ಟಿಸಿದ್ದರು. ಒಂದು ವಾರದಿಂದ ಅಣ್ಣ ಅವರ ಕಾರಿನ ಹಿಂದೆ ಮುಂದೆ ಸುತ್ತುತ್ತಿದ್ದ. ಸಂಜೆ ಪರದೆಯ ಹಿಂದೆ ಬಂದು ಅವರು ನನ್ನನ್ನೂ ನೋಡಿದರು. ಬಿಳಿ ಮುಖದ ನನ್ನನ್ನು ನೋಡಿ, "ಇದೇನಾ ಮಾಯವಾಗುವ ಐಟಮ್ಮು?" ಎಂದು ಅಣ್ಣನನ್ನು ಕೇಳಿದರು. ಅತ್ತರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಕೈಯಲ್ಲಿ ದಪ್ಪ ಹರಳಿನ ಉಂಗುರ.

ಚಿತ್ರ ಅದೇ, ಉಳ್ಳಾಲದ ಕಡಲು. ಅವತ್ತು ಅಣ್ಣ ಎಂದಿಗಿಂತ ಚೆನ್ನಾಗಿ ಊದಿದ ಎಂದು ಆಮೇಲೆ ಎಲ್ಲರೂ ಹೇಳಿದರು. ನನಗೆ ಗೊತ್ತಾದದ್ದು ಬಣ್ಣದ ತಂಪು ಮಾತ್ರ. "ಹುಡುಗಿ ಎಲ್ಲಿ?" ಎಂದು ಅವನು ಕೇಳಿದ. ನಾನು ಚಿಟಿಕೆಗೆ ಕಾದೆ. ಚಿಟಿಕೆ ಬರಲಿಲ್ಲ. ಅದರ ಬದಲು ಮುಂದಿನ ಸಾಲಿನಿಂದ ಅಧ್ಯಕ್ಷರ ದನಿ: "ನಾನು ಬಂದು ಹುಡುಕಬಹುದಾ?"

ಸಭೆ ಗೊಳ್ಳೆಂದಿತು. ಅಣ್ಣನೂ ನಕ್ಕ. "ಬನ್ನಿ ಸರ್, ಬನ್ನಿ" ಎಂದ.

ಮೆಟ್ಟಿಲಿನ ಮೇಲೆ ಚಪ್ಪಲಿಯ ಸದ್ದು. ಅತ್ತರು ಹತ್ತಿರ ಬಂತು. ಕೈ ಮೊದಲು ಪರದೆಯನ್ನು ತಡವಿತು, ಬಟ್ಟೆ ಅಲುಗಿದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಆಮೇಲೆ ಉಂಗುರ ನನ್ನ ತೋಳಿಗೆ ತಾಗಿತು. ಸಿಕ್ಕಿದಳಲ್ಲ, ಇನ್ನು ಮುಗಿಯಿತು ಎಂದುಕೊಂಡೆ. ಕೈ ನಿಲ್ಲಲಿಲ್ಲ. ಅವರು ಸಿಗದವರ ಹಾಗೆ ನಟಿಸುತ್ತ, ಜನರನ್ನು ನಗಿಸುತ್ತ, ತೋಳಿನಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ, ಅಲ್ಲಿಂದ ಕೆಳಗೆ ತಡವುತ್ತ ಹೋದರು. ನಾನು ಅಲುಗಲಿಲ್ಲ. ಅಲುಗಬಾರದು ಎಂದು ಕಲಿಸಿದ ಮೈ ಅದು. ಅಣ್ಣ ಇದ್ದಾನೆ, ಈಗ ಹೇಳುತ್ತಾನೆ, ಈಗ ತಡೆಯುತ್ತಾನೆ ಎಂದು ಕಾದೆ. ಅಣ್ಣ ಹೇಳಿದ. ಮೈಕಿನಲ್ಲೇ ಹೇಳಿದ. "ಅಲ್ಲಲ್ಲ ಸರ್, ಸ್ವಲ್ಪ ಬಲಕ್ಕೆ. ಇನ್ನೂ ಸ್ವಲ್ಪ."

ಕೈ ಬಲಕ್ಕೆ ಬಂತು. ಭುಜ ದಾಟಿ ನನ್ನ ಕೆನ್ನೆಗೆ ಬಂತು, ತುಟಿಯ ಮೇಲೆ ಬಂತು. ನಾನು ಬಾಯಿ ತೆರೆದು ಕಚ್ಚಿದೆ.

ಹಲ್ಲಿಗೆ ಉಂಗುರ ತಾಗುವಷ್ಟು ಬಲವಾಗಿ ಕಚ್ಚಿದೆ. ಅವರು ಹೌಹಾರಿ ಬೊಬ್ಬೆ ಹೊಡೆದು ಕೈ ಕಿತ್ತುಕೊಂಡರು. ಜೋಲಿ ತಪ್ಪಿ, ಆ ಕೈಯನ್ನೇ ಪರದೆಗೆ ಊರಿ, ಹಸಿ ಬಣ್ಣದ ಮೇಲೆ ಎಳೆದುಕೊಂಡು ಹಿಂದೆ ಸರಿದರು. ನಾನು ಕಣ್ಣು ತೆರೆದೆ. ಸಭೆಗೆ ಸಭೆಯೇ ಎದ್ದು ನಿಂತಿತ್ತು. ಶಿಳ್ಳೆ, ಚಪ್ಪಾಳೆ, ನಗು. ಕಡಲು ಕಚ್ಚಿತು, ಕಡಲು ಕಚ್ಚಿತು ಎಂದು ಯಾರೋ ಕೂಗುತ್ತಿದ್ದರು. ಅವರಿಗೆಲ್ಲ ಅದು ಐಟಮ್ಮಿನ ಒಂದು ಭಾಗ. ಅಧ್ಯಕ್ಷರು ಕೈಗೆ ಕರ್ಚೀಫು ಸುತ್ತಿಕೊಂಡು ತಾವೂ ಹಲ್ಲು ಕಿರಿದರು. ಅಣ್ಣ ನಡು ಬಗ್ಗಿಸಿ ನಮಸ್ಕಾರ ಮಾಡಿದ.

ಪರದೆಯ ಹಿಂದೆ ಬಂದ ಕೂಡಲೇ ಅವನು ಹೇಳಿದ ಮೊದಲ ಮಾತು: "ಎಂಥ ಟೈಮಿಂಗ್ ಮಾರಾಯ್ತಿ! ಇನ್ನು ಎಲ್ಲ ಕಡೆ ಇದನ್ನು ಇಡುವ. ಆದ್ರೆ ಸ್ವಲ್ಪ ಮೆಲ್ಲ ಕಚ್ಚು."

ನಾನು ತಲೆಗೆ ಬಿಗಿದ ಬಟ್ಟೆಯನ್ನು ಕಿತ್ತೆಸೆದೆ. "ಯಾರೂ ಮುಟ್ಟುವುದಿಲ್ಲ ಅಂತ ಹೇಳಿದ್ದಿ."

"ಅವರು ಎಂತ ಮುಟ್ಟಿದ್ದು? ಚಿತ್ರವನ್ನು ಮುಟ್ಟಿದ್ದು. ನಿನ್ನನ್ನಲ್ಲ. ನೀನು ಅಲ್ಲಿ ಕಾಣುತ್ತಲೇ ಇರಲಿಲ್ಲ."

ಅವನು ಅದನ್ನು ತಮಾಷೆಗೆ ಹೇಳಲಿಲ್ಲ. ತಪ್ಪಿಸಿಕೊಳ್ಳಲಿಕ್ಕೂ ಹೇಳಲಿಲ್ಲ. ಅವನು ನಿಜವಾಗಿ ಹಾಗೆಯೇ ತಿಳಿದುಕೊಂಡಿದ್ದ. ನನ್ನ ಅಣ್ಣನ ಮೇಲೆ ನನಗೆ ಅಸಹ್ಯ ಹುಟ್ಟಿದ್ದು ಆ ಗಳಿಗೆಯಲ್ಲಿ, ಅದು ಆಮೇಲೆ ಕಡಿಮೆಯಾಗಲಿಲ್ಲ.

ಮನೆಯಲ್ಲಿ ಬಚ್ಚಲೊಲೆಯ ಬಿಸಿನೀರು, ತೆಂಗಿನೆಣ್ಣೆ, ಕಡಲೆಹಿಟ್ಟು ಎಲ್ಲ ಹಾಕಿ ಉಜ್ಜಿಕೊಂಡೆ. ಬಣ್ಣ ಹೋಯಿತು. ಉಜ್ಜುವುದು ನಿಲ್ಲಿಸಲಾಗಲಿಲ್ಲ. ಅಮ್ಮ ಬಾಗಿಲ ಹೊರಗೆ ನಿಂತು ಗೊಣಗುತ್ತಿದ್ದಳು. "ಅಷ್ಟು ದೊಡ್ಡವರ ಕೈಗೆ ಕಚ್ಚುವುದಾ? ಅವನಿಗೆ ಒಂದು ದಾರಿ ಆಗ್ತಿತ್ತು. ನಿನಗೆ ತಮಾಷೆ ಅಂದ್ರೆ ಎಂತ ಅಂತ ಗೊತ್ತುಂಟಾ?" ನನ್ನ ಕೈಗೆ ಬಾರಿಸಿ ಮುಟ್ಟಡ ಎಂದು ಕಲಿಸಿದ ಅದೇ ಅಮ್ಮ. ಹುಲಿಗೆ ಇದ್ದ ಮರ್ಯಾದೆ ಮಗಳಿಗೆ ಇರಲಿಲ್ಲ. ಬಚ್ಚಲಿನಿಂದಲೇ ನಾನು ಅದನ್ನು ಕೂಗಿ ಹೇಳಿದೆ. ಅಮ್ಮ ಒಳಗೆ ಹೋದಳು.

ಇನ್ನು ನಿಲ್ಲುವುದಿಲ್ಲ ಎಂದೆ. ಅಣ್ಣನಿಗೆ ಅದು ದೊಡ್ಡ ವಿಷಯವೇ ಆಗಲಿಲ್ಲ, ಬೇರೆ ಯಾರಾದರೂ ಸಿಗುತ್ತಾರೆ ಎಂದ. ಸಿಗದ ಹಾಗೆ ನಾನು ನೋಡಿಕೊಂಡೆ. ಅವನು ಯಾವ ಮನೆಗೆ ಹೋಗಿ ಹುಡುಗಿಯನ್ನು ಕೇಳಿದನೋ ಆ ಮನೆಗೆ ಮರುದಿನ ನಾನು ಹೋದೆ. ಚಾವಡಿಯಲ್ಲಿ ಕೂತು, ಕೊಟ್ಟ ಚಾ ಕುಡಿದು, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸ್ವಂತ ಅಣ್ಣನ ಹೆಸರು ಕೆಡಿಸುವ ತಂಗಿ ಎಂದು ಕೆಲವರು ನನ್ನನ್ನೇ ಬೈದರು. ಬೈದವರೂ ಮಗಳನ್ನು ಕಳಿಸಲಿಲ್ಲ. ಗಂಡಸರು ನಿಂತರೆ ಜನ ಬರಲಿಲ್ಲ. ಒಂದು ವರ್ಷದೊಳಗೆ ಐಟಮ್ಮು ನಿಂತುಹೋಯಿತು. ಇದರ ಬಗ್ಗೆ ನನಗೆ ಆಗಲೂ ಬೇಸರ ಇರಲಿಲ್ಲ, ಈಗಲೂ ಇಲ್ಲ.

ಅಲ್ಲಿಂದ ನಾವಿಬ್ಬರೂ ಮಾತು ಬಿಟ್ಟೆವು. ಒಂದೇ ಮನೆ, ಒಂದೇ ಅಡುಗೆ. "ಅಣ್ಣನಿಗೆ ಸಾರು ಬೇಕಾ ಕೇಳು" ಎಂದು ಅಮ್ಮ ಹೇಳಿದರೆ ನಾನು ಪಾತ್ರೆಯನ್ನು ಅವನ ಎದುರು ಕುಕ್ಕುತ್ತಿದ್ದೆ. ಅವನು ಅಮ್ಮನಿಗೆ ಹೇಳುತ್ತಿದ್ದ, "ಸಾಕು ಅಂತ ಹೇಳು ಅವಳಿಗೆ." ಒಂದು ಮಾತ್ರ ನಾನು ಗಮನಿಸಿದ್ದೆ. ಆ ಸಂಜೆಯ ಪರದೆಯನ್ನು ತೊಳೆಯಲು ಅವನು ಅಮ್ಮನಿಗೆ ಕೊಟ್ಟಿರಲಿಲ್ಲ. ಮಡಚದೆ ಸುರುಳಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅವನು ಹೇಗೋ ಬೆಂಗಳೂರಿನವರ ಕಣ್ಣಿಗೆ ಬಿದ್ದ. ಅಲ್ಲಿ ಒಂದು ಪ್ರದರ್ಶನವಾಯಿತು. ಆಮೇಲೆ ನಮ್ಮ ಊರಿನಲ್ಲಿ, ಅದೇ ಅಧ್ಯಕ್ಷರ ಕೈಯಿಂದ ದೀಪ ಹಚ್ಚಿಸಿ, ಇನ್ನೊಂದು. ನನಗೆ ಹೋಗುವ ಮನಸ್ಸು ಇರಲಿಲ್ಲ. ಅಮ್ಮನಿಗೆ ಆಗಲೇ ಕಣ್ಣು ಮಂಜು, ಕೈ ಹಿಡಿದು ಕರೆದುಕೊಂಡು ಹೋಗುವವರು ಬೇಕಿತ್ತು.

ಹಾಲಿನ ನಡುಗೋಡೆಯ ಮೇಲೆ, ದೊಡ್ಡ ಚೌಕಟ್ಟಿನೊಳಗೆ, ಆ ಪರದೆ. ಉಳ್ಳಾಲದ ಕಡಲು, ದೋಣಿ, ನೊರೆ. ನಡುವೆ ಬಿಳಿ ಜಾಗ. ಅಮ್ಮನಿಗೆ ಅದು ಕಾಣಲಿಲ್ಲ, ನನಗೆ ಕಂಡಿತು. ತುಸು ಬಾಗಿದ ನನ್ನ ಎಡ ಭುಜ, ಒಂದಕ್ಕೊಂದು ಒತ್ತಿದ ಮಂಡಿ. ಹೆಸರು "ಅನುಪಸ್ಥಿತಿ" ಎಂದು ಇಟ್ಟಿದ್ದ. ಎದುರಿಗೆ ಹಗ್ಗ ಕಟ್ಟಿದ್ದರು. ಹಗ್ಗಕ್ಕೆ ಒಂದು ಬೋರ್ಡು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಚಿತ್ರವನ್ನು ಮುಟ್ಟಬಾರದು.

ಬೆಂಗಳೂರಿನಿಂದ ಬಂದ ವಿಮರ್ಶಕರೊಬ್ಬರು ಸುತ್ತ ನಿಂತವರಿಗೆ ವಿವರಿಸುತ್ತಿದ್ದರು. ಬಿಳಿ ಆಕಾರದ ಭುಜದ ಹತ್ತಿರದಿಂದ ಹೊರಟು ಆಕಾಶದ ನೀಲಿಯನ್ನು ಗೀರಿಕೊಂಡು ಹೋದ ಗೆರೆಗಳನ್ನು ಅವರು ತೋರಿಸಿದರು. ಬೆರಳು ಎಳೆದ ಗೆರೆಗಳು. "ಇಡೀ ಕೃತಿಯ ಜೀವ ಇಲ್ಲಿದೆ ನೋಡಿ. ಕಲಾವಿದ ತನ್ನ ಕೈಯನ್ನೇ ಕುಂಚ ಮಾಡಿಕೊಂಡು ಎಂಥ ವೇಗದಲ್ಲಿ ಎಳೆದಿದ್ದಾರೆ!" ಜನ ತಲೆದೂಗಿದರು. ಅಧ್ಯಕ್ಷರೂ ಅಲ್ಲೇ ಇದ್ದರು. ಅವರೂ ತಲೆದೂಗಿದರು. ನನ್ನನ್ನು ಕಂಡು ಕೈ ಮುಗಿದು, "ಟೀಚರ್, ಸೌಖ್ಯವಾ?" ಎಂದರು. ಅವರ ಬೆರಳಿನ ಬುಡದಲ್ಲಿ ಹಲ್ಲಿನ ಬಿಳಿ ಕಲೆ ಇತ್ತು.

ನಾನು ಅಮ್ಮನನ್ನು ಒಂದು ಕುರ್ಚಿಯಲ್ಲಿ ಕೂರಿಸಿದೆ. ಹಗ್ಗವನ್ನು ಎತ್ತಿ ಒಳಗೆ ಹೋದೆ. ಬಿಳಿ ಜಾಗದ ಎದುರು ನಿಂತು, ಆ ಗೀರಿದ ಗೆರೆಗಳ ಮೇಲೆ ನನ್ನ ಅಂಗೈ ಇಟ್ಟೆ. ಬಣ್ಣ ಒಣಗಿ ಒರಟಾಗಿತ್ತು.

"ಮುಟ್ಟಡ!"

ಹಾಲಿನ ಆ ತುದಿಯಿಂದ ಅಣ್ಣ ಕೂಗಿದ. ಅವನ ಇಂಗ್ಲಿಷು, ವೇದಿಕೆಯ ಕನ್ನಡ, ಎರಡೂ ಬಿಟ್ಟುಹೋಗಿದ್ದವು. ನಮ್ಮ ಅಂಗಳದ ತುಳುವಿನಲ್ಲಿ, ಅಮ್ಮನದೇ ದನಿಯಲ್ಲಿ ಕೂಗಿದ. ಕುರ್ಚಿಯಲ್ಲಿದ್ದ ಅಮ್ಮ ಬೆಚ್ಚಿ ತಿರುಗಿದಳು. ಅವನು ಜನರನ್ನು ಎರಡೂ ಕಡೆ ತಳ್ಳಿಕೊಂಡು ಓಡಿ ಬರುತ್ತಿದ್ದ, ಮುಖ ಬಿಳಿಚಿಕೊಂಡಿತ್ತು. ಮುಟ್ಟಡ, ಮುಟ್ಟಡ ಎನ್ನುತ್ತಲೇ ಇದ್ದ. ಅಂದರೆ ಆ ಶಬ್ದ ಅವನಿಗೆ ಬರುತ್ತಿತ್ತು. ಆ ಸಂಜೆ ಮೈಕು ಕೈಯಲ್ಲಿ ಇದ್ದಾಗಲೂ ಬರುತ್ತಿತ್ತು.

ನಾನು ಕೈ ತೆಗೆಯಲಿಲ್ಲ.